ರಾತ್ರಿ ಭಾರ, ಬೆಳಿಗ್ಗೆ ಕಾವಲಿ: ಹಂದಿ ಮಾಂಸ, ಅಣಬೆ ತುಂಬಿ ಒತ್ತಿದ ಇಡೀ ಬ್ರೆಡ್

ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆಯೇ ತೋಟಕ್ಕೆ ಇಳಿದವರಿಗೆ ಮಧ್ಯಾಹ್ನ ಒಂದು ಕೈಯಲ್ಲಿ ಹಿಡಿದು ತಿನ್ನುವಂಥ, ಸಂಜೆವರೆಗೆ ಹೊಟ್ಟೆ ತಡೆಯುವಂಥ ಬುತ್ತಿ ಬೇಕು. ಎರಡು ಸ್ಲೈಸ್ ನಡುವೆ ಸೌತೆಕಾಯಿ, ಟೊಮೆಟೊ ಇಟ್ಟ ಸ್ಯಾಂಡ್‌ವಿಚ್ ಈ ಕೆಲಸಕ್ಕೆ ಒದಗುವುದಿಲ್ಲ. ಹತ್ತು ಗಂಟೆಗೆ ಅದು ಒದ್ದೆಯಾಗಿರುತ್ತದೆ, ಒಂದು ಗಂಟೆಗೆ ಮುದ್ದೆಯಾಗಿರುತ್ತದೆ. ಇಲ್ಲಿ ಹೇಳುತ್ತಿರುವುದು ಬೇರೆ ಕ್ರಮ. ಕೊಯ್ಯದ ಇಡೀ ಬ್ರೆಡ್ಡಿನ ತಿರುಳು ತೆಗೆದು, ಹಂದಿ ಮಾಂಸ, ಅಣಬೆ, ಹುರಿದ ಈರುಳ್ಳಿಯನ್ನು ಬಿಗಿಯಾಗಿ ತುಂಬಿ, ರಾತ್ರಿಯಿಡೀ ಭಾರದ ಕೆಳಗೆ ಇಟ್ಟು, ಬೆಳಿಗ್ಗೆ ದಪ್ಪ ಹೋಳು ಮಾಡಿ ಕಾವಲಿಯ ಮೇಲೆ ಒತ್ತಿ ಬಿಸಿ ಮಾಡುವುದು.

ತುಂಬಿ ಒತ್ತುವ ಪದ್ಧತಿ ಹೊರದೇಶದ್ದು. ಫ್ರಾನ್ಸಿನ ನೀಸ್ ಊರಿನ ‘ಪಾನ್ ಬಾನ್ಯಾ’ ಎಂಬ ಬ್ರೆಡ್ಡಿನ ಹೆಸರಿಗೆ ನೆನೆಸಿದ ಬ್ರೆಡ್ ಎಂದೇ ಅರ್ಥ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಇಟಲಿಯ ಸಿಸಿಲಿಯಿಂದ ಬಂದವರು ಮಾಡುವ ‘ಮಫುಲೆಟ್ಟಾ’ ದುಂಡು ಬ್ರೆಡ್ಡಿನದು; ಅಲ್ಲಿ 1906ರಲ್ಲಿ ಶುರುವಾದ ಸೆಂಟ್ರಲ್ ಗ್ರೋಸರಿ ಅಂಗಡಿ ಅದಕ್ಕೆ ಹೆಸರಾಗಿದೆ. ಇಂಗ್ಲೆಂಡಿನಲ್ಲಿ ಬೇಟೆಗೆ ಹೋಗುವವರಿಗೆಂದು ಬ್ರೆಡ್ಡಿನೊಳಗೆ ಮಾಂಸ, ಅಣಬೆ ತುಂಬಿ ಭಾರ ಹೇರಿ ಕಟ್ಟಿಕೊಡುತ್ತಿದ್ದರು. ಕೊಡಗಿನ ಅಡುಗೆಮನೆಗೆ ಹೆಚ್ಚು ಹತ್ತಿರದ್ದು ಈ ಕೊನೆಯದು. ಹಂದಿ ಮಾಂಸ, ಅಣಬೆ, ಕರಿಮೆಣಸು, ಕಾಚಂಪುಳಿ ಎಂಬ ಕಪ್ಪು ಹುಳಿರಸ ನಮ್ಮಲ್ಲಿ ಮೊದಲೇ ಒಟ್ಟಿಗೆ ಬಾಳುವ ರುಚಿಗಳು.

ಇಡೀ ಕೆಲಸದಲ್ಲಿ ಗಮನ ಇಡಬೇಕಾದದ್ದು ಒಂದರ ಮೇಲೆ, ಅದು ನೀರು. ಪ್ರತಿ ಪದಾರ್ಥದಿಂದ ನೀರು ತೆಗೆದೇ ಒಳಗೆ ಹಾಕಬೇಕು. ಮುಂದಿನ ಹಂತಗಳಲ್ಲಿ ಮುಕ್ಕಾಲು ಪಾಲು ಇದೇ ಕೆಲಸ. ಮಳೆಗಾಲದ ಕೊಡಗಿನಲ್ಲಂತೂ ಬ್ರೆಡ್ ಸುಮ್ಮನೆ ಇಟ್ಟರೂ ತೇವ ಹೀರುತ್ತದೆ.

ಬೇಕಾಗುವುದು (ನಾಲ್ಕು ಜನಕ್ಕೆ)

ಕೊಯ್ಯದ ಉಪ್ಪು ಬ್ರೆಡ್ 400 ಗ್ರಾಂನದು ಒಂದು. ಮೂಳೆಯಿಲ್ಲದ ಹಂದಿ ಮಾಂಸ 500 ಗ್ರಾಂ, ಸ್ವಲ್ಪ ಕೊಬ್ಬು ಮತ್ತು ತೊಗಲು ಇರುವ ಮುಂಗಾಲಿನ ಭಾಗದ್ದು. ಬಟನ್ ಅಣಬೆ 400 ಗ್ರಾಂ, ಅಂದರೆ 200 ಗ್ರಾಂನ ಎರಡು ಪೊಟ್ಟಣ. ಮಧ್ಯಮ ಗಾತ್ರದ ಈರುಳ್ಳಿ ಮೂರು. ಗಟ್ಟಿಯಾಗಿ ಬೇಯಿಸಿದ ಮೊಟ್ಟೆ ಎರಡು. ಮೆತ್ತಗಿನ ಬೆಣ್ಣೆ 40 ಗ್ರಾಂ, ಹಚ್ಚಿ ಸುಡಲು ಇನ್ನೊಂದು 20 ಗ್ರಾಂ. ಶುಂಠಿ ಬೆಳ್ಳುಳ್ಳಿ ಜಜ್ಜಿದ್ದು ಒಂದು ದೊಡ್ಡ ಚಮಚ, ಅರಿಶಿನ ಕಾಲು ಟೀ ಚಮಚ, ಉಪ್ಪು, ಸೂಜಿಮೆಣಸು ನಾಲ್ಕೈದು, ಕಾಚಂಪುಳಿ ಒಂದು ಟೀ ಚಮಚ.

ಮಸಾಲೆಗೆ ಕೊತ್ತಂಬರಿ ಬೀಜ ಒಂದು ದೊಡ್ಡ ಚಮಚ, ಜೀರಿಗೆ ಒಂದು ಟೀ ಚಮಚ, ಕರಿಮೆಣಸು ಒಂದು ಟೀ ಚಮಚ, ಸಾಸಿವೆ ಅರ್ಧ ಟೀ ಚಮಚ, ಮೆಂತ್ಯ ಏಳೆಂಟು ಕಾಳು. ಮನೆಯಲ್ಲಿ ಪಂದಿ ಕರಿಗೆಂದು (ಕೊಡಗಿನ ಹಂದಿ ಸಾರು) ಮಾಡಿಟ್ಟ ಕಪ್ಪು ಮಸಾಲೆ ಪುಡಿ ಇದ್ದರೆ ಅದೇ ಒಂದೂವರೆ ದೊಡ್ಡ ಚಮಚ ಸಾಕು.

ಕಟ್ಟಲು ಬಾಳೆ ಎಲೆ, ಬಟರ್ ಪೇಪರ್, ದಾರ ಇಲ್ಲವೆ ಬಾಳೆನಾರು. ಒತ್ತಲು ಒಂದು ಸಣ್ಣ ಮಣೆ, ಮೂರು ಕಿಲೋ ಭಾರ.

ಬ್ರೆಡ್ ಆರಿಸುವುದು

ಬೇಕರಿಯಲ್ಲಿ ‘ಸ್ಲೈಸ್ ಮಾಡದೆ ಕೊಡಿ’ ಎಂದು ಮೊದಲೇ ಹೇಳಿ. ಸ್ವೀಟ್ ಬ್ರೆಡ್ ಬೇಡ. ಅದರ ಸಿಹಿ ಕಾಚಂಪುಳಿಯ ಹುಳಿಯೊಂದಿಗೆ ಜಗಳವಾಡುತ್ತದೆ, ಸಕ್ಕರೆ ಹೆಚ್ಚಿರುವುದರಿಂದ ಕಾವಲಿಯ ಮೇಲೆ ಒಳಗೆ ಬಿಸಿಯಾಗುವ ಮೊದಲೇ ಹೊರಗೆ ಕರಿಯಾಗುತ್ತದೆ. ಅಂದೇ ಸುಟ್ಟ ಬಿಸಿ ಬ್ರೆಡ್ಡೂ ಬೇಡ. ಅದರ ಗೋಡೆಗೆ ಗಟ್ಟಿತನವಿಲ್ಲ, ಭಾರ ಇಟ್ಟ ತಕ್ಷಣ ಹಿಟ್ಟಿನ ಮುದ್ದೆಯಂತೆ ಅಂಟಿಕೊಂಡುಬಿಡುತ್ತದೆ. ನಿನ್ನೆಯ ಬ್ರೆಡ್ ಎಲ್ಲಕ್ಕಿಂತ ಒಳ್ಳೆಯದು. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಮತ್ತೆ ಮೇಲೆದ್ದು ಬರಬೇಕು, ಆದರೆ ನಿಧಾನವಾಗಿ.

ಮಳೆಗಾಲದಲ್ಲಿ ತಳ ಮತ್ತು ಮೂಲೆಗಳನ್ನು ತಿರುಗಿಸಿ ನೋಡಿ. ಹಸಿರು ಅಥವಾ ಬಿಳಿ ಬೂಷ್ಟಿನ ಒಂದು ಚುಕ್ಕೆ ಕಂಡರೂ ಇಡೀ ಬ್ರೆಡ್ ಬಿಟ್ಟುಬಿಡಿ. ಚುಕ್ಕೆಯನ್ನು ಕೆರೆದು ತೆಗೆದರೆ ಸಾಲದು. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದೆ ಒಳಗೆ ಹರಡಿರುತ್ತವೆ.

ಅಕ್ಕಿ ರೊಟ್ಟಿಯಲ್ಲಿ ಮಾಡಬಹುದೇ ಎಂಬ ಪ್ರಶ್ನೆ ಕೊಡಗಿನಲ್ಲಿ ಬಂದೇ ಬರುತ್ತದೆ. ಆಗುವುದಿಲ್ಲ. ಗೋಧಿಯಲ್ಲಿರುವ ಜಿಗುಟು ಅಕ್ಕಿಯಲ್ಲಿಲ್ಲ, ತಣ್ಣಗಾದ ಮೇಲೆ ಒತ್ತಿದರೆ ರೊಟ್ಟಿ ಬಿರುಕು ಬಿಟ್ಟು ಒಡೆಯುತ್ತದೆ. ಅಕ್ಕಿ ರೊಟ್ಟಿಯನ್ನು ಬಿಸಿಯಾಗಿ ಪಂದಿ ಕರಿಯೊಂದಿಗೆ ತಿನ್ನುವುದೇ ಅದಕ್ಕೆ ತೋರುವ ಮರ್ಯಾದೆ.

ಮಾಂಸ: ರಸವೇ ಅಂಟು

ಸಂಜೆ ನಾಲ್ಕಕ್ಕೆ ಶುರು ಮಾಡಿದರೆ ಏಳರ ಹೊತ್ತಿಗೆ ಭಾರ ಇಡಬಹುದು. ಮಾಂಸವನ್ನು ಪಂದಿ ಕರಿಗೆ ಮಾಡುವಂತೆ ಸಣ್ಣ ತುಂಡು ಮಾಡಬೇಡಿ. ಅಂಗೈ ಅಗಲದ, ಸುಮಾರು ಎರಡು ಸೆಂಟಿಮೀಟರ್ ದಪ್ಪದ ಹೋಳುಗಳಾಗಿ ಕೊಯ್ಯಿರಿ. ತುಂಡು ಸಣ್ಣದಾದಷ್ಟೂ ನಡುವೆ ಸಂದು ಹೆಚ್ಚು. ಬೆಳಿಗ್ಗೆ ಹೋಳು ಮಾಡುವಾಗ ಆ ಸಂದುಗಳಲ್ಲೇ ಎಲ್ಲ ಉದುರುವುದು.

ಕುಕ್ಕರಿಗೆ ಮಾಂಸ, ಒಂದು ಟೀ ಚಮಚ ಉಪ್ಪು, ಅರಿಶಿನ, ಶುಂಠಿ ಬೆಳ್ಳುಳ್ಳಿ, ಸೀಳಿದ ಸೂಜಿಮೆಣಸು ಹಾಕಿ ಕಲಸಿ, ಕಾಲು ಗಂಟೆ ಬಿಟ್ಟು, ಅರ್ಧ ಕಪ್ ನೀರು ಹಾಕಿ. ಮೊದಲ ಕೂಗಿನ ನಂತರ ಉರಿ ಸಣ್ಣ ಮಾಡಿ ಇಪ್ಪತ್ತು ನಿಮಿಷ. ನಾಡಹಂದಿ ಬಲಿತದ್ದಾದರೆ ಇನ್ನೂ ಹತ್ತು ನಿಮಿಷ ಬೇಕಾಗಬಹುದು. ತೆರೆದ ಪಾತ್ರೆಯಲ್ಲಿ ಬೇಯಿಸುವವರು ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದು 96 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಮಂಗಳೂರಿನ ಲೆಕ್ಕದಲ್ಲಿ ಬರೆದ ಸಮಯ ಇಲ್ಲಿ ಹೊಂದುವುದಿಲ್ಲ. ಹಂದಿ ಮಾಂಸ ಅರೆಬೆಂದಿರಲೇಬಾರದು. ಹೋಳಿನ ನಡುವೆ ಚಮಚದ ಹಿಡಿ ಒತ್ತಿದರೆ ಸಲೀಸಾಗಿ ಇಳಿಯಬೇಕು, ಒಳಗೆ ಎಲ್ಲೂ ಕೆಂಪು ಇರಬಾರದು.

ಬೆಂದ ಹೋಳುಗಳನ್ನು ತೆಗೆದು ಅಗಲದ ತಟ್ಟೆಯಲ್ಲಿ ಹರಡಿ. ಕುಕ್ಕರಿನಲ್ಲಿ ಉಳಿದ ರಸವನ್ನು ಚೆಲ್ಲಬೇಡಿ. ಹಂದಿಯ ತೊಗಲು, ನರಗಳಲ್ಲಿರುವ ಕೊಲಾಜೆನ್ ಬೇಯುತ್ತ ಬೇಯುತ್ತ ಜೆಲಾಟಿನ್ ಆಗಿ ಈ ರಸಕ್ಕೆ ಇಳಿದಿದೆ. ಪಂದಿ ಕರಿ ಮರುದಿನ ಬೆಳಿಗ್ಗೆ ತಣ್ಣಗೆ ಹೆಪ್ಪುಗಟ್ಟಿರುತ್ತದಲ್ಲ, ಅದೇ ಇದು. ನಮ್ಮ ಬ್ರೆಡ್ಡಿನೊಳಗೆ ಮಾಂಸ, ಅಣಬೆ, ಮೊಟ್ಟೆಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಇದೊಂದೇ. ಮೈದಾ ಬೇಡ, ಕಾರ್ನ್‌ಫ್ಲೋರ್ ಬೇಡ. ತೊಗಲಿರುವ ಭಾಗ ಕೇಳಿದ್ದು ಇದಕ್ಕೇ.

ಮಸಾಲೆಯನ್ನು ದಪ್ಪ ತಳದ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಬೇರೆ ಬೇರೆಯಾಗಿ ಹುರಿಯಿರಿ. ಕೊತ್ತಂಬರಿ ಬೀಜ ಕಾಫಿ ಬೀಜದ ಕಡು ಕಂದಿಗೆ ಬರಬೇಕು, ಪರಿಮಳ ಘಾಟಾಗಬೇಕು, ಆದರೆ ಹೊಗೆ ಏಳಬಾರದು. ಹೊಗೆ ಎದ್ದರೆ ಅದು ಸುಟ್ಟ ಮಸಾಲೆ. ಬಿಸಿ ಸಾರಿನಲ್ಲಿ ಆ ಕಹಿ ಹೇಗೋ ಮರೆಯಾದೀತು, ತಣ್ಣಗಿನ ಬುತ್ತಿಯಲ್ಲಿ ನಾಲಗೆಯ ಬುಡದಲ್ಲಿ ಕೂರುತ್ತದೆ. ಮೆಂತ್ಯ ಎಲ್ಲಕ್ಕಿಂತ ಬೇಗ ಕಹಿಯಾಗುತ್ತದೆ, ಕೆಂಪಾದೊಡನೆ ತೆಗೆಯಿರಿ. ಎಲ್ಲ ತಣಿದ ಮೇಲೆ ನುಣ್ಣಗೆ ಪುಡಿ ಮಾಡಿ.

ಈಗ ರಸವನ್ನು ಅಗಲದ ಬಾಣಲೆಗೆ ಸುರಿದು ಕುದಿಸಿ. ಅರ್ಧಕ್ಕೆ ಇಳಿದಾಗ ಮಸಾಲೆ ಪುಡಿ ಹಾಕಿ. ಮೂರು ದೊಡ್ಡ ಚಮಚದಷ್ಟು ಉಳಿದಾಗ ಕಾಚಂಪುಳಿ ಹಾಕಿ ಒಂದು ನಿಮಿಷ ಕುದಿಸಿ ಇಳಿಸಿ. ಬಾಣಲೆಯ ತಳದಲ್ಲಿ ಸೌಟಿನಿಂದ ಗೆರೆ ಎಳೆದರೆ ಗೆರೆ ಒಂದು ಕ್ಷಣ ನಿಂತು ಆಮೇಲೆ ಮುಚ್ಚಿಕೊಳ್ಳಬೇಕು. ಇನ್ನೂ ತೆಳುವಾಗಿದ್ದರೆ ಮತ್ತೆ ಕುದಿಸಿ, ಆಸೆಬುರುಕತನ ಬೇಡ. ‘ಸ್ವಲ್ಪ ಗ್ರೇವಿ ಇರಲಿ’ ಎಂದು ಬಿಟ್ಟ ಎರಡು ಚಮಚ ನೀರೇ ಬೆಳಿಗ್ಗೆ ಬ್ರೆಡ್ಡಿನ ತಳ ಹರಿಯುವಂತೆ ಮಾಡುತ್ತದೆ.

ಕಾಚಂಪುಳಿ ಮನೆಯಿಂದ ಮನೆಗೆ ಬೇರೆ. ಹಣ್ಣಿನ ರಸವನ್ನು ಕಾಯಿಸಿ ಕಾಯಿಸಿ ಕಪ್ಪಾಗಿ ಮಂದ ಮಾಡಿದ್ದಾದ್ದರಿಂದ ಒಂದು ಬಾಟಲಿಯ ಒಂದು ಚಮಚ ಇನ್ನೊಂದರ ಎರಡು ಚಮಚಕ್ಕೆ ಸಮ ಇರಬಹುದು. ಮೊದಲು ಅರ್ಧ ಟೀ ಚಮಚ ಹಾಕಿ, ರುಚಿ ನೋಡಿ, ಆಮೇಲೆ ಉಳಿದರ್ಧ. ಅಲ್ಯೂಮಿನಿಯಂ ಬಾಣಲೆಯಲ್ಲಿ ಈ ಕೆಲಸ ಮಾಡಬೇಡಿ. ಹುಳಿ ಲೋಹವನ್ನು ತಿಂದು ರುಚಿ ಕೆಡಿಸುತ್ತದೆ. ಸ್ಟೀಲ್ ಒಳ್ಳೆಯದು. ಕಾಚಂಪುಳಿ ಇಲ್ಲದಿದ್ದರೆ ಮಂದ ಹುಣಸೆ ರಸ ಒಂದು ದೊಡ್ಡ ಚಮಚ ಹಾಕಿ ಅದರ ನೀರು ಆರುವವರೆಗೆ ಕುದಿಸಬಹುದು. ನಿಂಬೆ ಬೇಡ, ಅದರ ಹುಳಿ ತೆಳು, ಹಂದಿಯ ಕೊಬ್ಬನ್ನು ಕತ್ತರಿಸುವ ಗಡಸು ಅದಕ್ಕಿಲ್ಲ.

ಮಾಂಸದ ಹೋಳುಗಳನ್ನು ಒಂದು ಟೀ ಚಮಚ ಎಣ್ಣೆಯಲ್ಲಿ ಜೋರು ಉರಿಯಲ್ಲಿ ಎರಡೂ ಕಡೆ ಒಂದೊಂದು ನಿಮಿಷ ಕೆಂಪಗೆ ಮಾಡಿ. ಮೇಲ್ಮೈಯ ತೇವ ಹೋಗಲು ಇದು. ಆಮೇಲೆ ತಟ್ಟೆಯಲ್ಲಿ ಹರಡಿ ತಣಿಸಿ.

ಅಣಬೆ, ಈರುಳ್ಳಿ

ಅಣಬೆಯ ತೂಕದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರು. ಈ ಅಡುಗೆ ಕೆಡುವುದಿದ್ದರೆ ಹೆಚ್ಚಾಗಿ ಇಲ್ಲೇ ಕೆಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಅಥವಾ ಬೇಗ ತೊಳೆದು ಆರಿಸಿ, ಅರ್ಧ ಸೆಂಟಿಮೀಟರ್ ದಪ್ಪ ಹೆಚ್ಚಿ. ಎಣ್ಣೆ ಹಾಕದೆ, ಅಗಲದ ಬಾಣಲೆಯಲ್ಲಿ ಕಾಲು ಟೀ ಚಮಚ ಉಪ್ಪಿನೊಂದಿಗೆ ಮಧ್ಯಮ ಉರಿಯಲ್ಲಿ ಇಡಿ. ನಾಲ್ಕೈದು ನಿಮಿಷಕ್ಕೆ ಬಾಣಲೆ ತುಂಬ ನೀರು ನಿಲ್ಲುತ್ತದೆ. ಗಾಬರಿ ಬೇಡ, ಮುಚ್ಚಳವೂ ಬೇಡ. ನೀರು ಇಂಗುತ್ತ ಬಂದಂತೆ ಕುದಿಯುವ ಸದ್ದು ನಿಂತು ಚುರುಗುಟ್ಟುವ ಸದ್ದು ಶುರುವಾಗುತ್ತದೆ. ಆ ಸದ್ದು ಬದಲಾಗುವವರೆಗೆ ಕಾಯಬೇಕು. ಆಗ ಒಂದು ಟೀ ಚಮಚ ಬೆಣ್ಣೆ, ಜಜ್ಜಿದ ಕರಿಮೆಣಸು ಹಾಕಿ ಅಂಚು ಕೆಂಪಾಗುವವರೆಗೆ ಹುರಿಯಿರಿ. 400 ಗ್ರಾಂ ಅಣಬೆ 180 ಗ್ರಾಂಗಿಂತ ಕಡಿಮೆಗೆ ಇಳಿದಿರಬೇಕು. ಅಡುಗೆಮನೆ ತಕ್ಕಡಿ ಇದ್ದರೆ ತೂಗಿ ನೋಡಿ, ಕಣ್ಣಂದಾಜಿಗಿಂತ ಅದು ನಂಬಿಕೆಗೆ ಅರ್ಹ.

ಮಳೆಗಾಲದಲ್ಲಿ ಸಿಗುವ ಹುತ್ತದ ಅಣಬೆಯ ರುಚಿಗೆ ಪೊಟ್ಟಣದ ಅಣಬೆ ಸಾಟಿಯಲ್ಲ. ಕೊಡವರು ಕುಮ್ಮು ಎನ್ನುವ ಇವುಗಳನ್ನು ಬಳಸುವುದಾದರೆ ಮನೆಯ ಹಿರಿಯರು ವರ್ಷಗಟ್ಟಲೆ ಕಿತ್ತು ತಂದು ತಿಂದು ಗುರುತಿರುವುದನ್ನು ಮಾತ್ರ ಬಳಸಿ. ಫೋಟೊ ನೋಡಿ ಗುರುತು ಹಿಡಿದದ್ದನ್ನು, ಗುರುತು ಸಿಗದ ಒಂದೇ ಒಂದು ಅಣಬೆಯನ್ನೂ ಬುಟ್ಟಿಗೆ ಸೇರಿಸಬಾರದು. ವಿಷದ ಅಣಬೆಯ ವಿಷ ಬೇಯಿಸಿದರೆ ಹೋಗುತ್ತದೆ ಎಂಬುದು ಸುಳ್ಳು.

ಈರುಳ್ಳಿಯನ್ನು ತೆಳ್ಳಗೆ ಉದ್ದುದ್ದ ಹೆಚ್ಚಿ, ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಚಿಟಿಕೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಹುರಿಯಿರಿ. ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಬೇಕು. ಹತ್ತು ನಿಮಿಷದಲ್ಲಿ ಕೆಂಪು ಮಾಡಿದ ಈರುಳ್ಳಿಯ ಹೊರಗೆ ಬಣ್ಣ ಇರುತ್ತದೆ, ಒಳಗೆ ನೀರು ಹಾಗೇ ಇರುತ್ತದೆ.

ಬೈಂಬಳೆ ಕಾಲದಲ್ಲಿ, ಅಂದರೆ ಬಿದಿರಿನ ಕಳಲೆ ಸಿಗುವ ದಿನಗಳಲ್ಲಿ, ಎಳೆ ಕಳಲೆಯ ಒಣ ಪಲ್ಯ ಎರಡು ದೊಡ್ಡ ಚಮಚ ಸೇರಿಸಿದರೆ ಕೊಬ್ಬಿನ ನಡುವೆ ಹಲ್ಲಿಗೆ ಸಿಗುವ ಕರುಂ ಕರುಂ ಬರುತ್ತದೆ. ಕಳಲೆಯನ್ನು ತೆಳ್ಳಗೆ ಕೊಯ್ದು ಎರಡು ಮೂರು ದಿನ ದಿನಕ್ಕೊಮ್ಮೆ ನೀರು ಬದಲಿಸುತ್ತ ನೆನೆಸಿ, ಬೇಯಿಸಿ, ಆ ನೀರನ್ನೂ ಚೆಲ್ಲಿಯೇ ಬಳಸಬೇಕು. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶ ಇದೆ, ನೆನೆಸಿ ಬೇಯಿಸುವ ಹಳೆಯ ಪದ್ಧತಿ ಬಂದದ್ದು ಸುಮ್ಮನೆ ಅಲ್ಲ. ಕೊನೆಗೆ ಬಟ್ಟೆಯಲ್ಲಿ ಹಿಂಡಿ ಹುರಿಯಿರಿ.

ಹಸಿ ಟೊಮೆಟೊ, ಸೌತೆಕಾಯಿ, ಎಲೆಕೋಸು ಒಳಗೆ ಹಾಕಬೇಡಿ. ಬೆಣ್ಣೆಹಣ್ಣು ಕೊಡಗಿನ ತೋಟಗಳಲ್ಲಿ ಧಾರಾಳ, ಹಾಕುವ ಆಸೆಯಾಗುವುದು ಸಹಜ. ರಾತ್ರಿ ಭಾರದ ಕೆಳಗೆ ಅದು ಕಪ್ಪಾಗಿ ಜಾರುತ್ತದೆ. ತಿನ್ನುವ ಹೊತ್ತಿಗೆ ಹೋಳಿನ ಪಕ್ಕದಲ್ಲಿ ಇಟ್ಟುಕೊಳ್ಳಿ.

ಬ್ರೆಡ್ಡಿನ ಪೆಟ್ಟಿಗೆ

ಬ್ರೆಡ್ಡಿನ ಮೇಲ್ಭಾಗದಿಂದ ಎರಡು ಸೆಂಟಿಮೀಟರ್ ದಪ್ಪದ ಮುಚ್ಚಳವನ್ನು ಉದ್ದಕ್ಕೂ ಕೊಯ್ದು ತೆಗೆಯಿರಿ. ಗರಗಸದಂಥ ಹಲ್ಲಿರುವ ಚಾಕು ಇರಲಿ. ಕೆಳಭಾಗದಲ್ಲಿ ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಬಿಟ್ಟು ಚಾಕುವಿನ ತುದಿಯಿಂದ ಸುತ್ತ ಗೆರೆ ಹಾಕಿ, ಬೆರಳಿನಿಂದ ತಿರುಳನ್ನು ಕೀಳಿರಿ. ತಳ ಎರಡು ಸೆಂಟಿಮೀಟರ್ ಉಳಿಯಲಿ. ಸುಮಾರು 120 ಗ್ರಾಂ ತಿರುಳು ಹೊರಬರುತ್ತದೆ. ಗೋಡೆ ಒಂದು ಸೆಂಟಿಮೀಟರಿಗಿಂತ ತೆಳುವಾದರೆ ಭಾರಕ್ಕೆ ಬದಿ ಸೀಳುತ್ತದೆ, ಎರಡಕ್ಕಿಂತ ದಪ್ಪವಾದರೆ ಬಾಯಿಗೆ ಬರೀ ಬ್ರೆಡ್ಡೇ ಸಿಗುತ್ತದೆ.

ಒವನ್ ಇದ್ದರೆ ಪೆಟ್ಟಿಗೆ, ಮುಚ್ಚಳ ಎರಡನ್ನೂ ಒಳಮೈ ಮೇಲಾಗಿ 180 ಡಿಗ್ರಿಯಲ್ಲಿ ಆರು ನಿಮಿಷ ಒಣಗಿಸಿ. ಇಲ್ಲದಿದ್ದರೆ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಬ್ರೆಡ್ ಕೂರಿಸಿ, ಪಾತ್ರೆಯ ಮುಚ್ಚಳ ಓರೆಯಾಗಿ ಮುಚ್ಚಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ಒಳಮೈ ಮುಟ್ಟಿದರೆ ಒಣಗಿ ಒರಟಾಗಿರಬೇಕು, ಬಣ್ಣ ಬರಬೇಕಿಲ್ಲ. ತಣಿದ ಮೇಲೆ ಮೆತ್ತಗಿನ ಬೆಣ್ಣೆಯನ್ನು ಒಳಗೆ ಎಲ್ಲ ಕಡೆ, ಮುಖ್ಯವಾಗಿ ಮೂಲೆಗಳಿಗೆ, ಮುಚ್ಚಳದ ಅಡಿಗೂ ಬಳಿಯಿರಿ. ಬೆಣ್ಣೆ ನೀರನ್ನು ಒಳಗೆ ಬಿಡದ ಪೊರೆ. ಕರಗಿಸಿ ಸುರಿದರೆ ಅದು ಬ್ರೆಡ್ಡಿನ ರಂಧ್ರಗಳಿಗೆ ಇಂಗಿಹೋಗುತ್ತದೆ, ಪೊರೆ ಉಳಿಯುವುದಿಲ್ಲ.

ಕಿತ್ತ ತಿರುಳಿನಲ್ಲಿ ಒಂದು ಹಿಡಿಯನ್ನು ಪುಡಿ ಮಾಡಿ ಕಾವಲಿಯಲ್ಲಿ ಗರಿಗರಿಯಾಗಿ ಹುರಿದಿಟ್ಟುಕೊಳ್ಳಿ. ಉಳಿದದ್ದು ಕಟ್ಲೆಟ್ಟಿಗೆ ಆಗುತ್ತದೆ.

ತುಂಬುವುದು

ಎಲ್ಲ ಪದಾರ್ಥ ಕೈಗೆ ತಣ್ಣಗೆ ತಾಗುವಷ್ಟು ಆರಿರಬೇಕು. ಬಿಸಿ ಇದ್ದಾಗ ತುಂಬಿದರೆ ಆವಿ ಒಳಗೇ ನೀರಾಗಿ ಇಳಿದು ಇಷ್ಟು ಹೊತ್ತು ಪಟ್ಟ ಪಾಡು ವ್ಯರ್ಥ. ಹಾಗೆಂದು ಬೆಂದ ಮಾಂಸವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಅಗಲದ ತಟ್ಟೆಯಲ್ಲಿ ಹರಡಿ ಫ್ಯಾನ್ ಕೆಳಗಿಟ್ಟರೆ ಅರ್ಧ ಗಂಟೆ ಸಾಕು.

ತಳಕ್ಕೆ ಹುರಿದ ಬ್ರೆಡ್ ಪುಡಿ ಎರಡು ದೊಡ್ಡ ಚಮಚ. ತಪ್ಪಿಸಿಕೊಂಡು ಇಳಿಯುವ ರಸವನ್ನು ಇದು ಹೀರಿಕೊಳ್ಳುತ್ತದೆ. ಅದರ ಮೇಲೆ ಅರ್ಧದಷ್ಟು ಮಾಂಸದ ಹೋಳು, ಇಟ್ಟಿಗೆ ಜೋಡಿಸುವಂತೆ ಸಂದು ಬಿಡದೆ. ಮಂದ ರಸವನ್ನು ಉಗುರುಬೆಚ್ಚಗೆ ಮಾಡಿ ಮೂರನೇ ಒಂದು ಪಾಲು ಸವರಿ. ಆಮೇಲೆ ಅಣಬೆ. ಅಣಬೆಯ ನಡುವೆ ಗುಂಡಗೆ ಹೆಚ್ಚಿದ ಮೊಟ್ಟೆ. ಮತ್ತೆ ರಸ. ಈರುಳ್ಳಿ, ಕಳಲೆ ಇದ್ದರೆ ಅದು. ಮೇಲೆ ಉಳಿದ ಮಾಂಸ, ಉಳಿದ ರಸ. ಅಣಬೆ ಯಾವಾಗಲೂ ನಡುವೆಯೇ ಇರಲಿ. ಇನ್ನೂ ನೀರು ಬಿಟ್ಟರೂ ಅದು ಮಾಂಸದ ಪದರ ದಾಟದೆ ಬ್ರೆಡ್ಡಿನ ತಳ ಮುಟ್ಟುವುದಿಲ್ಲ.

ಪ್ರತಿ ಪದರ ಹಾಕಿದ ಮೇಲೆ ಅಂಗೈಯಿಂದ ಒತ್ತಿ, ಬೆರಳಿನಿಂದ ಮೂಲೆಗಳಿಗೆ ತುರುಕಿ. ಕೊನೆಯಲ್ಲಿ ಹೂರಣ ಅಂಚಿಗಿಂತ ಒಂದು ಸೆಂಟಿಮೀಟರ್ ಮೇಲೆದ್ದಿರಬೇಕು. ಸಮಕ್ಕೆ ನಿಲ್ಲಿಸಿದರೆ ಒತ್ತಿದ ಮೇಲೆ ಒಳಗೆ ಪೊಳ್ಳು ಉಳಿದು, ಮುಚ್ಚಳ ಬೇರೆ ಹೂರಣ ಬೇರೆ ಆಗುತ್ತದೆ. ಉಪ್ಪನ್ನು ತಣ್ಣಗಿರುವಾಗಲೇ ನೋಡಿ. ತಣ್ಣಗಿನ ಅಡುಗೆಯಲ್ಲಿ ಉಪ್ಪು, ಖಾರ ಎರಡೂ ಮಂಕಾಗಿ ಕಾಣುತ್ತವೆ, ಆದ್ದರಿಂದ ಬಿಸಿ ಅಡುಗೆಗಿಂತ ಒಂದು ಚಿಟಿಕೆ ಮುಂದೆ ಇರಲಿ.

ಕಟ್ಟಿ ಒತ್ತುವುದು

ಬಾಳೆ ಎಲೆಯನ್ನು ಉರಿಯ ಮೇಲೆ ಆಡಿಸಿ ಬಾಡಿಸಿ. ಎಲೆಯ ಹಸಿರು ಕಡುವಾಗಿ ಮಿರಿಮಿರಿ ಎಂದಾಗ ಅದು ಸೀಳದೆ ಬಗ್ಗುತ್ತದೆ. ಒರೆಸಿ ಆರಿಸಿ, ಬ್ರೆಡ್ಡಿನ ಮುಚ್ಚಳ ಮೇಲೆ ಕೂರಿಸಿ, ಬಿಗಿಯಾಗಿ ಸುತ್ತಿ, ಮೇಲೆ ಬಟರ್ ಪೇಪರ್ ಸುತ್ತಿ, ಪಾರ್ಸೆಲ್ ಕಟ್ಟಿದಂತೆ ಅಡ್ಡ ಮೂರು ಕಡೆ, ಉದ್ದ ಒಂದು ಕಡೆ ದಾರ ಹಾಕಿ. ಬಾಳೆನಾರು ಬಳಸುವವರು ಅದನ್ನು ನೆನೆಸಿ ಹಿಂಡಿ ಬಳಸಿ, ಒಣ ನಾರು ಗಂಟು ಹಾಕುವಾಗ ಕಿತ್ತುಬರುತ್ತದೆ.

ಅಂಚಿರುವ ತಟ್ಟೆಯಲ್ಲಿ ಬ್ರೆಡ್ ಇಟ್ಟು, ಅದರ ಅಗಲಕ್ಕೆ ಸರಿಯಾದ ಮಣೆ ಮೇಲಿಡಿ. ಮಣೆ ಇಲ್ಲದೆ ನೇರ ಭಾರ ಇಟ್ಟರೆ ನಡುವೆ ಮಾತ್ರ ಕುಸಿದು ಎರಡೂ ತುದಿ ಮೇಲೇಳುತ್ತವೆ. ಮೊದಲ ಅರ್ಧ ಗಂಟೆ ಒಂದು ಕಿಲೋ ಮಾತ್ರ. ಆಮೇಲೆ ಮೂರು ಕಿಲೋ. ಒಮ್ಮೆಲೇ ಪೂರ್ತಿ ಭಾರ ಹೇರಿದರೆ ಒಳಗಿನ ಗಾಳಿಗೆ ದಾರಿಯಿಲ್ಲದೆ ಬದಿ ಒಡೆಯುತ್ತದೆ. ಭಾರಕ್ಕೆ ಅಕ್ಕಿಯ ಪೊಟ್ಟಣಕ್ಕಿಂತ ಚೆನ್ನಾದದ್ದಿಲ್ಲ, ಬ್ರೆಡ್ಡಿನ ಆಕಾರಕ್ಕೆ ತಾನೇ ಹೊಂದಿಕೊಂಡು ಕೂರುತ್ತದೆ. ನೀರಿನ ಬಾಟಲಿಯೂ ಆದೀತು, ಒಂದು ಲೀಟರ್ ಒಂದು ಕಿಲೋ. ಒರಳಿನ ಗುಂಡು ಬೇಡ, ಅದರ ತೂಕಕ್ಕೆ ಬ್ರೆಡ್ ಅಪ್ಪಚ್ಚಿಯಾಗುತ್ತದೆ, ಫ್ರಿಜ್ಜಿನ ಗಾಜೂ ಉಳಿಯಲಿಕ್ಕಿಲ್ಲ.

ಇದೆಲ್ಲ ನಡೆಯಬೇಕಾದದ್ದು ಫ್ರಿಜ್ಜಿನ ಒಳಗೆ, ಕೆಳಗಿನ ಗಟ್ಟಿ ಹಲಗೆಯ ಮೇಲೆ, 5 ಡಿಗ್ರಿಗಿಂತ ಕಡಿಮೆಯಲ್ಲಿ, ಎಂಟು ಗಂಟೆ ಕಾಲ. ‘ಕೊಡಗಿನ ಚಳಿಗೆ ಹೊರಗಿಟ್ಟರೇನು’ ಎನ್ನುವುದು ತಪ್ಪು. ಡಿಸೆಂಬರಿನ ರಾತ್ರಿಯಲ್ಲೂ ಅಡುಗೆಮನೆ ಫ್ರಿಜ್ಜಿನಷ್ಟು ತಣ್ಣಗಿರುವುದಿಲ್ಲ, ಬೆಂದ ಮಾಂಸ ಕೆಡಲು ಆ ತಾಪಮಾನ ಸಾಕು. ಮಲಗುವ ಮುನ್ನ ಒಮ್ಮೆ ತಿರುಗಿಸಿ ಇಡಿ. ಹತ್ತು ಸೆಂಟಿಮೀಟರ್ ಎತ್ತರ ಇದ್ದ ಬ್ರೆಡ್ ಬೆಳಿಗ್ಗೆ ಹೊತ್ತಿಗೆ ಆರೂವರೆ, ಏಳು ಸೆಂಟಿಮೀಟರಿಗೆ ಇಳಿದಿರುತ್ತದೆ.

ಫ್ರಿಜ್ಜಿನಲ್ಲಿ ಬ್ರೆಡ್ ಬೇಗ ಒರಟಾಗುತ್ತದೆ ಎಂಬುದು ನಿಜ, ತಂಪಿಗೆ ಪಿಷ್ಟ ಗಟ್ಟಿಯಾಗುತ್ತದೆ. ಇಲ್ಲಿ ಅದೇ ನಮಗೆ ಅನುಕೂಲ. ಕೊಯ್ಯುವಾಗ ಗೋಡೆ ನೆಟ್ಟಗೆ ನಿಲ್ಲುತ್ತದೆ, ಕಾವಲಿಯ ಬಿಸಿಗೆ ಮತ್ತೆ ಮೆತ್ತಗಾಗುತ್ತದೆ.

ಆಷಾಢದ ಮಳೆಗೆ ಕರೆಂಟ್ ಹೋಗಿ ಎರಡು ದಿನ ಬರದಿರುವುದು ಇಲ್ಲಿ ಮಾಮೂಲು. ಅಂಥ ದಿನ ರಾತ್ರಿ ಒತ್ತುವ ಕ್ರಮಕ್ಕೆ ಹೋಗಬೇಡಿ. ತುಂಬಿದ ಬ್ರೆಡ್ಡಿಗೆ ಒಂದು ಗಂಟೆ ಭಾರ ಇಟ್ಟು, ಇಡಿಯಾಗಿಯೇ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಅಂದೇ ತಿಂದು ಮುಗಿಸಿ. ಅಂಟು ಹಿಡಿದಿರುವುದಿಲ್ಲ, ಹೋಳು ಸ್ವಲ್ಪ ಉದುರುತ್ತದೆ, ರುಚಿಗೆ ಕೊರತೆ ಇಲ್ಲ.

ಕೊಯ್ದು ಸುಡುವುದು

ಫ್ರಿಜ್ಜಿನಿಂದ ತೆಗೆದ ಕೂಡಲೇ, ತಣ್ಣಗಿರುವಾಗಲೇ ಕೊಯ್ಯಬೇಕು. ಎಲೆ ಬಿಚ್ಚಿ, ಹಲ್ಲಿನ ಚಾಕುವಿನಿಂದ ಎಳೆದೆಳೆದು, ಮೇಲಿಂದ ಒತ್ತದೆ, ಎರಡೂವರೆ ಸೆಂಟಿಮೀಟರ್ ದಪ್ಪದ ಹೋಳು ಮಾಡಿ. ಏಳೆಂಟು ಹೋಳು ಬರುತ್ತವೆ. ಸರಿಯಾಗಿ ಆಗಿದ್ದರೆ ಕೊಯ್ದ ಮುಖದಲ್ಲಿ ಕಂದು ಮಾಂಸ, ಕಪ್ಪು ಮಸಾಲೆಯ ಗೆರೆ, ಅಣಬೆಯ ಬೂದು, ಮೊಟ್ಟೆಯ ಹಳದಿ, ಈರುಳ್ಳಿಯ ಪಟ್ಟಿ ಬೇರೆ ಬೇರೆಯಾಗಿ ಕಾಣುತ್ತವೆ, ಸುತ್ತ ಬ್ರೆಡ್ ಬೆಳ್ಳಗೆ ಒಣಗಿರುತ್ತದೆ. ಒಳ ಅಂಚಿನಲ್ಲಿ ಎರಡು ಮೂರು ಮಿಲಿಮೀಟರ್ ಕಂದು ಬಣ್ಣ ಇಳಿದಿದ್ದರೆ ಅದು ಸರಿಯೇ, ಆ ಭಾಗವೇ ಹೆಚ್ಚು ರುಚಿ. ತೊಗಟೆಯವರೆಗೂ ಇಳಿದಿದ್ದರೆ ಅಣಬೆ ಅಥವಾ ರಸ ಇಂಗಿರಲಿಲ್ಲ ಎಂದರ್ಥ.

ದಪ್ಪ ಕಬ್ಬಿಣದ ಕಾವಲಿಯನ್ನು ಮಧ್ಯಮಕ್ಕಿಂತ ಸಣ್ಣ ಉರಿಯಲ್ಲಿ ಕಾಯಿಸಿ. ಹೋಳಿನ ಎರಡೂ ಮುಖಕ್ಕೆ ಬೆಣ್ಣೆ ಹಚ್ಚಿ ಇಟ್ಟು, ಮೇಲೆ ಬಟರ್ ಪೇಪರ್, ಅದರ ಮೇಲೆ ನೀರು ತುಂಬಿದ ಚಪ್ಪಟೆ ತಳದ ಪಾತ್ರೆ. ನೀರು ಬಿಸಿಯಾಗಿದ್ದರೆ ಇನ್ನೂ ಒಳ್ಳೆಯದು. ಒಂದೊಂದು ಕಡೆ ನಾಲ್ಕು ನಿಮಿಷ. ನಡುಭಾಗಕ್ಕೆ ಚಾಕುವಿನ ತುದಿ ಚುಚ್ಚಿ, ಐದು ಎಣಿಸಿ, ತೆಗೆದು ತುಟಿಗೆ ತಾಗಿಸಿ ನೋಡಿ. ಸುಡುವಷ್ಟು ಬಿಸಿ ಇರಬೇಕು. ಥರ್ಮಾಮೀಟರ್ ಇದ್ದವರಿಗೆ 75 ಡಿಗ್ರಿ. ಉರಿ ಜೋರಾದರೆ ಹೊರಗೆ ಕರಿ, ಒಳಗೆ ಕೊಬ್ಬು ಇನ್ನೂ ಹೆಪ್ಪು.

ಬಿಸಿಯಾದಾಗ ಜೆಲಾಟಿನ್ ಕರಗುತ್ತದೆ, ಹೋಳು ಸಡಿಲವಾಗುತ್ತದೆ. ತಿರುಗಿಸುವಾಗ ಅಗಲದ ಮಗುಚುವ ಕೈಯನ್ನು ಪೂರ್ತಿ ಅಡಿಗೆ ತೂರಿಸಿ, ಮೇಲೆ ಬೆರಳು ಹಿಡಿದು ಒಮ್ಮೆಲೇ ಮಗುಚಿ. ಅರ್ಧಕ್ಕೆ ಎತ್ತಿ ನೋಡುವ ಚಪಲವೇ ಹೋಳು ಒಡೆಯಲು ಕಾರಣ.

ಮಾಂಸ ತಿನ್ನದವರಿಗೆ

ಅಣಬೆ 600 ಗ್ರಾಂ, ಪನೀರ್ 200 ಗ್ರಾಂ, ಈರುಳ್ಳಿ ಅಷ್ಟೇ. ಇಲ್ಲಿ ಜೆಲಾಟಿನ್ ಇಲ್ಲ, ಆದ್ದರಿಂದ ಅಂಟಿಗೆ ಎರಡು ದೊಡ್ಡ ಆಲೂಗೆಡ್ಡೆ ಬೇಯಿಸಿ, ಬಿಸಿ ಇರುವಾಗಲೇ ನುಣ್ಣಗೆ ಮಸೆದು, ಕಪ್ಪು ಮಸಾಲೆ, ಕಾಚಂಪುಳಿ ಕಲಸಿ ಬಾಣಲೆಯಲ್ಲಿ ಐದು ನಿಮಿಷ ಮಗುಚಿ ಒಣಗಿಸಿ. ಪಾತ್ರೆ ಬಿಟ್ಟು ಉಂಡೆಯಾಗಬೇಕು. ತಳಕ್ಕೊಂದು, ಮೇಲಕ್ಕೊಂದು ಪದರ ಇದನ್ನು ಹಾಕಿ, ನಡುವೆ ಉಳಿದದ್ದು. ಪನೀರನ್ನು ತೆಳ್ಳಗೆ ಕೊಯ್ದು ಬಟ್ಟೆಯಲ್ಲಿ ಒತ್ತಿ, ಎರಡೂ ಕಡೆ ಕೆಂಪಗೆ ಸುಟ್ಟು ಹಾಕಿ. ಭಾರ ಎರಡು ಕಿಲೋ ಸಾಕು, ಮೂರಾದರೆ ಆಲೂಗೆಡ್ಡೆ ಬದಿಯಿಂದ ಹೊರಬರುತ್ತದೆ.

ಬುತ್ತಿ ಕಟ್ಟುವುದು

ಬೆಳಿಗ್ಗೆ ಬಿಸಿ ಮಾಡಿದ್ದನ್ನು ಬಿಸಿಬಿಸಿಯೇ ಡಬ್ಬಿಗೆ ಹಾಕಿ ಮುಚ್ಚಬೇಡಿ, ಗರಿಗರಿ ಹೊರಮೈ ಹತ್ತೇ ನಿಮಿಷದಲ್ಲಿ ಬೆವರಿ ತೋಯುತ್ತದೆ. ಜಾಲರಿಯ ಮೇಲೆ ಕಾಲು ಗಂಟೆ ಆರಿಸಿ, ಹೊಸ ಬಾಡಿಸಿದ ಬಾಳೆ ಎಲೆಯಲ್ಲಿ, ಮೇಲೆ ಕಾಗದದಲ್ಲಿ ಸುತ್ತಿ. ಕಾವಲಿಯಿಂದ ಇಳಿಸಿದ ನಾಲ್ಕು ಗಂಟೆಯೊಳಗೆ ತಿಂದು ಮುಗಿಸಬೇಕು. ಹನ್ನೊಂದು ಗಂಟೆಯ ಬುತ್ತಿಗೆ ಏಳೂವರೆಗೆ ಸುಟ್ಟರೆ ಸರಿ. ತಡಿಯಂಡಮೋಳ್ ಹತ್ತುವಂಥ ಇಡೀ ದಿನದ ದಾರಿಗೆ ಒಯ್ಯುವವರು ಐಸ್ ಪ್ಯಾಕ್ ಇಟ್ಟ ಚೀಲದಲ್ಲಿ ತಣ್ಣಗೆ ಒಯ್ಯಿರಿ. ತಣ್ಣಗೂ ಇದು ಚೆನ್ನಾಗಿಯೇ ಇರುತ್ತದೆ, ಮಸಾಲೆಯ ಕಪ್ಪು ಪರಿಮಳ ಆಗ ಇನ್ನಷ್ಟು ಎದ್ದು ಕಾಣುತ್ತದೆ. ಕೊಯ್ಯದೆ ಉಳಿದ ಭಾಗ ಎಲೆಯಲ್ಲೇ ಸುತ್ತಿಟ್ಟರೆ ಫ್ರಿಜ್ಜಿನಲ್ಲಿ ಇನ್ನೆರಡು ದಿನ ಇರುತ್ತದೆ. ಒಮ್ಮೆ ಬಿಸಿ ಮಾಡಿದ ಹೋಳನ್ನು ಮಾತ್ರ ಮತ್ತೆ ತಣಿಸಿ ಇಡಬೇಡಿ, ತಿನ್ನುವಷ್ಟನ್ನೇ ಕೊಯ್ದು ಸುಡಿ.